ಮನೆಯಲ್ಲಿ ಕುಳಿತು ಮಾಡುವ ಉದ್ಯೋಗ

ಉದ್ಯೋಗವೆಂದರೆ ಮನೆಯಿಂದ ಹೊರಬೀಳುವುದು ಎಂಬ ಭಾವನೆಯು ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಸಲು ದಾಟಿದವರನ್ನು ನಾವು ‘ಕೆಲಸಕ್ಕೆ ಹೋದರು’ ಎನ್ನುತ್ತೇವೆ. ಹೊಸಲೊಳಗೆ ಉಳಿದವರ ಕೈಗಳು ಹಗಲೆಲ್ಲ ಆಡುತ್ತಿದ್ದರೂ ಅವರು ‘ಮನೆಯಲ್ಲಿದ್ದಾರೆ’, ಅಷ್ಟೆ. ಈ ಭೇದವು ಬರಿಯ ಮಾತಿನದಲ್ಲವೆಂದು ತಿಳಿಯುವುದಕ್ಕೆ ನಮಗೆ ಎಪ್ಪತ್ತು ವರ್ಷಗಳು ಬೇಕಾದವು. ತಿಳಿದುಕೊಂಡ ಬಗೆಯೂ ನಮಗೆ ಗೌರವವನ್ನು ತರತಕ್ಕುದಲ್ಲ. ಆದರೂ ಸಂಸಾರವಂದಿಗರಾದ ವಾಚಕರಲ್ಲಿ ಕೆಲವರಿಗಾದರೂ ಇದು ತಮ್ಮ ಮನೆಯ ಕಥೆಯೆಂದೇ ತೋರಬಹುದಾದ್ದರಿಂದ ಹೇಳುವೆವು.

೨೦೨೦ನೆಯ ಇಸವಿ ಮಾರ್ಚಿ ೨೫ನೆಯ ತಾರೀಖಿನಿಂದ ದೇಶವೆಲ್ಲವೂ ಬಾಗಿಲಿಕ್ಕಿ ಕುಳಿತಾಗ ನಾವು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೆವು. ಬಾಗಿಲಕೋಟೆಯ ಕಡೆ ಹೈಸ್ಕೂಲು ಮಾಸ್ತರಿಕೆ ಮಾಡಿ ನಿವೃತ್ತರಾದ ಮೇಲೆ, ನಮ್ಮ ಮನೆಯವರು ತೀರಿಕೊಂಡ ವರ್ಷದಿಂದ ನಮ್ಮ ವಾಸ ಅಲ್ಲಿಯೇ. ಮಗ, ಸೊಸೆ ಇಬ್ಬರೂ ಕಂಪ್ಯೂಟರಿನ ತಂತ್ರಾಂಶ ಬರೆಯುವ ಉದ್ಯೋಗದವರು. ಕಂಪನಿಗಳು ಬೇರೆ ಬೇರೆ, ಕೆಲಸದ ಜಾತಿ ಒಂದೇ. ಓದಿನಲ್ಲಿಯೂ ಹುದ್ದೆಯಲ್ಲಿಯೂ ಸೊಸೆಯದು ಒಂದು ಕೈ ಮೇಲೆಂಬುದನ್ನು ಮಗನೇ ನಗುತ್ತ ಒಪ್ಪಿಕೊಳ್ಳುತ್ತಿದ್ದನು. ಕಚೇರಿಗಳು ಮುಚ್ಚಿದವು, ಕಚೇರಿಯ ಕೆಲಸ ಮಾತ್ರ ಯಂತ್ರವೇರಿ ಮನೆಯೊಳಗೆ ಬಂದಿತು. ಮಗನು ಒಳಗಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಬಾಗಿಲು ಮುಚ್ಚಿಕೊಂಡನು. ಎರಡನೆಯ ಕೋಣೆ ನಮ್ಮದು. ಸೊಸೆಯು ಊಟದ ಮೇಜಿನ ಒಂದು ತುದಿಯಲ್ಲಿ ಕುಳಿತಳು. ಹೀಗೆಯೇ ಆಗಲೆಂದು ಯಾರೂ ನಿಶ್ಚಯಿಸಿದವರಿಲ್ಲ. ನೀರು ತಗ್ಗಿಗೆ ಹರಿದುಕೊಳ್ಳುವ ಹಾಗೆ ಅದು ತಾನಾಗಿ ಆಯಿತು.

ಆ ಮೇಜಿನಿಂದ ಅಡಿಗೆಯ ಮನೆಗೆ ನಾಲ್ಕು ಹೆಜ್ಜೆ, ತಲೆಬಾಗಿಲಿಗೆ ಎಂಟು ಹೆಜ್ಜೆ. ಮೊಮ್ಮಗನ ಶಾಲೆಯೂ ಅದೇ ಮೇಜಿನ ಇನ್ನೊಂದು ತುದಿಯಲ್ಲಿ, ಇನ್ನೊಂದು ಪುಟ್ಟ ಯಂತ್ರದಲ್ಲಿ ನಡೆಯುತ್ತಿತ್ತು.

ಆರಂಭದ ತಿಂಗಳುಗಳಲ್ಲಿ ಪತ್ರಿಕೆಗಳಲ್ಲೆಲ್ಲ ಉತ್ಸಾಹದ ಮಾತು. ಬಸ್ಸು ಮೋಟಾರುಗಳ ಸಂದಣಿಯಲ್ಲಿ ದಿನಕ್ಕೆ ಮೂರು ತಾಸು ಕಳೆದುಕೊಳ್ಳುತ್ತಿದ್ದ ನೌಕರನಿಗೆ ಆ ಮೂರು ತಾಸೂ ಉಳಿದುವು, ಇನ್ನು ಕೆಲಸ ಇಮ್ಮಡಿಯಾಗುವುದೆಂದು ಬರೆದರು. ಒಂದೆರಡು ವರ್ಷಗಳಲ್ಲಿ ಅದೇ ಪತ್ರಿಕೆಗಳಲ್ಲಿ ಕಂಪನಿಗಳ ಒಡೆಯರು, ಮನೆಯಲ್ಲಿ ಕೆಲಸವೇ ಸಾಗುವುದಿಲ್ಲ, ಎಲ್ಲರೂ ಕಚೇರಿಗೆ ಮರಳಬೇಕು ಎಂದು ಸಾರತೊಡಗಿದರು. ಒಂದೇ ಮನೆ, ಅದೇ ಜನ, ಅದೇ ಕೆಲಸ. ಎರಡು ತೀರ್ಪುಗಳು ಹೇಗೆ ಬಂದುವೆಂದು ನಮಗೆ ಆಶ್ಚರ್ಯ. ಆಶ್ಚರ್ಯಕ್ಕೆ ವಿಶೇಷ ಕಾರಣವೂ ಇತ್ತು. ನಾವು ಹುಟ್ಟಿ ಬೆಳೆದದ್ದು ಇಳಕಲ್ಲಿನಲ್ಲಿ, ನೇಕಾರರ ಮನೆಯಲ್ಲಿ. ಮನೆಯಲ್ಲಿ ಕುಳಿತು ಉದ್ಯೋಗ ಮಾಡುವುದನ್ನು ಈ ಕಾಲದ ಹೊಸ ಸಂಶೋಧನೆಯೆಂಬಂತೆ ಜನರು ಆಡಿಕೊಂಡಾಗ ನಮಗೆ ಒಳಗೊಳಗೇ ನಗು ಬರುತ್ತಿತ್ತು.

ನಮ್ಮ ಮನೆಯ ಪಡಸಾಲೆಯಲ್ಲಿಯೇ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ತಂದೆಯವರು ಕಾಲಿಳಿಸಿ ಕುಳಿತರೆಂದರೆ ಅವರು ಮನೆಯಲ್ಲಿದ್ದೂ ಮನೆಯಲ್ಲಿ ಇಲ್ಲದವರೇ ಸರಿ. ಅವರನ್ನು ಯಾರೂ ಕೂಗುತ್ತಿರಲಿಲ್ಲ. ಸಾಲ ಕೇಳಲು ಬಂದವನು ಸಹ ಜಗಲಿಯ ಮೇಲೆ ಕುಳಿತು ಲಾಳಿಯ ಸಪ್ಪಳ ನಿಲ್ಲುವವರೆಗೆ ಕಾಯುತ್ತಿದ್ದನು. ಇಳಕಲ್ ಸೀರೆಯ ಮರ್ಮವನ್ನರಿತವರಿಗೆ ಈ ನಿಷ್ಠುರದ ಕಾರಣ ತಿಳಿಯುತ್ತದೆ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆದುದರಿಂದ ಒಂದೊಂದು ಸೀರೆಗೂ ಬೇರೆ ಬೇರೆಯಾಗಿ ಹಾಸು ಸಿದ್ಧವಾಗಬೇಕು. ಸೆರಗಿನಲ್ಲಿ ತೋಪು ತೆನೆ ಎತ್ತುವಾಗ ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ನೇಯುವುದಲ್ಲದೆ ಗತಿಯಿಲ್ಲ.

ಈ ಮಟ್ಟಿಗೆ ಮನೆಯು ಒಳ್ಳೆಯ ಕಾರ್ಖಾನೆಯೇ ಆಗಿತ್ತು. ಆದರೆ ಅದೇ ಮನೆಯಲ್ಲಿ ನಮ್ಮ ಅವ್ವನೂ ಇದ್ದಳು. ನೂಲು ಬಿಡಿಸುವುದು, ಹಾಸಿಗೆ ಗಂಜಿ ಹಚ್ಚುವುದು, ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುವುದು, ಕೊಂಡಿ ಹಾಕುವುದು ಇವೆಲ್ಲ ಅವಳವು. ರಾಟೆಯ ಒಂದು ಬದಿಗೆ ಒಲೆ, ಇನ್ನೊಂದು ಬದಿಗೆ ತೊಟ್ಟಿಲು. ಅವಳನ್ನು ಕೂಗಬಾರದೆಂಬ ನಿಯಮ ಯಾರಿಗೂ ಇರಲಿಲ್ಲ. ನಾವು ಮಕ್ಕಳು ಹತ್ತು ಸಲ, ನೆರೆಯವರು ಐದು ಸಲ, ಅಜ್ಜಿ ಇಪ್ಪತ್ತು ಸಲ ಕೂಗುತ್ತಿದ್ದರು. ನಡುನಡುವೆ ಲಾಳಿಯಲ್ಲಿಯ ನೂಲು ಮುಗಿದು ಮಗ್ಗ ನಿಲ್ಲುವುದು. ಆಗ ತಂದೆಯವರು ತಲೆ ಎತ್ತದೆ, “ಕಂಡಿಕಿ!” ಎಂದು ಒಂದೇ ಕೂಗು ಕೂಗುವರು. ಕಂಡಿಕೆಯಿಲ್ಲದೆ ಮಗ್ಗ ನಿಂತಿತೆಂಬ ಅಪವಾದ ಅವ್ವನ ಪಾಲಿಗೆ. ಯಾರ ಯಾರ ಕೂಗಿನಿಂದ ಕಂಡಿಕೆ ನಿಂತಿತೆಂಬ ಲೆಕ್ಕವನ್ನು ಯಾರೂ ಇಟ್ಟವರಿಲ್ಲ. ಸೀರೆ ಇಳಿದು ಸಾಹುಕಾರರ ಅಂಗಡಿಗೆ ಹೋದಾಗ ವಹಿಯಲ್ಲಿ ಬರೆಯುತ್ತಿದ್ದದ್ದು ತಂದೆಯವರ ಹೆಸರೊಂದೇ.

ದೇಶದ ನಾಲ್ಕನೆಯ ಕೈಮಗ್ಗ ಗಣತಿಯು ೨೦೧೯-೨೦ರಲ್ಲಿ ಪ್ರಕಟವಾಯಿತು. ಅದರ ಮೇರೆಗೆ ನೇಯುವವರೂ ಅದರ ಪೂರ್ವಸಿದ್ಧತೆ ಮಾಡುವವರೂ ಸೇರಿ ೩೫ ಲಕ್ಷಕ್ಕೂ ಮೀರಿದ ಜನರಿದ್ದು, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಇದನ್ನು ಓದಿದ ದಿನ ನಮ್ಮ ಅವ್ವನೂ ಕೊನೆಗೊಮ್ಮೆ ಲೆಕ್ಕದೊಳಗೆ ಬಂದಳೆಂದು ಸಮಾಧಾನಪಟ್ಟೆವು. ಸಮಾಧಾನಪಟ್ಟು, ಕನ್ನಡಕ ತೆಗೆದಿಟ್ಟು, ಊಟದ ಮೇಜಿನ ಕಡೆ ತಿರುಗಿ, “ಒಂದೀಟು ಚಹಾ ಮಾಡವ್ವಾ” ಎಂದು ಸೊಸೆಗೆ ಹೇಳಿದೆವು. ವಾಚಕರು ಇಲ್ಲಿ ನಗಬಹುದು. ಆಗ ನಮಗೆ ನಗು ಬರಲಿಲ್ಲ. ಅದರಲ್ಲಿ ನಗತಕ್ಕುದೇನೆಂಬುದೇ ನಮಗೆ ಹೊಳೆದಿರಲಿಲ್ಲ.

೨೦೨೧ರ ಬೇಸಗೆಯಲ್ಲಿ ಇಬ್ಬರ ಕಂಪನಿಗಳಲ್ಲಿಯೂ ವರ್ಷದ ಕೆಲಸದ ತೂಕ ನೋಡಿದರು. ಮಗನಿಗೆ ಹೊಗಳಿಕೆಯೊಡನೆ ಸಂಬಳವೂ ಏರಿತು. ಸೊಸೆಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅವಳ ಬರವಣಿಗೆಯಲ್ಲಿ ಮೊದಲಿನ ಅಚ್ಚುಕಟ್ಟು ಕಾಣುವುದಿಲ್ಲ, ಸಭೆಗಳಲ್ಲಿ ಅವಳ ಲಕ್ಷ್ಯ ಬೇರೆಡೆ ಇರುತ್ತದೆ ಎಂದು ಮೇಲಿನವರು ಬರೆದಿದ್ದರಂತೆ. ಅವಳು ಇದನ್ನು ಯಾರೆದುರಿಗೂ ಆಡಲಿಲ್ಲ. ನಾಲ್ಕಾರು ದಿನಗಳಾದ ಮೇಲೆ ಒಂದು ಸಂಜೆ ಪಲ್ಯ ಹೆಚ್ಚುತ್ತ, ಮುಖ ಎತ್ತದೆ, “ಮಾವಾರ, ನಾ ಈ ನೌಕರಿ ಬಿಡಬೇಕಂತ ಮಾಡೇನ್ರಿ” ಎಂದಳು. ಯಾಕೆಂದು ಕೇಳಿದೆವು. “ಮನಿನೂ ಸರಿಯಾಗವಲ್ದು, ಆಫೀಸಿನ ಕೆಲಸಾನೂ ಸರಿಯಾಗವಲ್ದು. ರಾತ್ರಿ ಒಂದರತನಕಾ ಕುಂತ್ರೂ ಮುಗೀವಲ್ದು” ಎಂದಳು. ದನಿಯಲ್ಲಿ ಅಳುವಿರಲಿಲ್ಲ. ಅಷ್ಟರಿಂದಲೇ ನಮಗೆ ಭಯವಾಯಿತು.

ಮಾಸ್ತರಿಕೆಯ ಚಟ ಬಿಡುವಂಥದಲ್ಲ. ಮುಂದೆ ಜುಲೈ ತಿಂಗಳ ಒಂದು ಮಂಗಳವಾರ ನಾವು ಯಾರಿಗೂ ಹೇಳದೆ ಒಂದು ವಹಿ ಹಿಡಿದು, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ಯಾರನ್ನು ಯಾರು ಎಷ್ಟು ಸಲ ಕೆಲಸದಿಂದ ಎಬ್ಬಿಸಿದರೆಂದು ಗೆರೆ ಎಳೆಯುತ್ತ ಕುಳಿತೆವು. ಮಗನ ಹೆಸರಿನ ಕೆಳಗೆ ೨ ಗೆರೆಗಳು. ಸೊಸೆಯ ಹೆಸರಿನ ಕೆಳಗೆ ೨೩. ಅವುಗಳಲ್ಲಿ ಮೊಮ್ಮಗನವು ೯, ತಲೆಬಾಗಿಲಿನವು ೪, ಒಲೆಯ ಮೇಲಿನ ಕುಕ್ಕರು ಹಾಲುಗಳವು ೩. ಉಳಿದ ೭ ನಮ್ಮವು. ಮಾತ್ರೆಯ ಡಬ್ಬಿ ಎಲ್ಲಿ, ಕರೆಂಟಿನ ಬಿಲ್ಲು ಕಟ್ಟಿತೇ, ಪೇಪರಿನವನು ಬಂದನೇ ಇಂಥ ಮಾತುಗಳು. ಎಣಿಸುತ್ತಿರುವೆವೆಂದು ಗೊತ್ತಿದ್ದೂ ಏಳು ಸಲ! ಎಣಿಸದ ದಿನಗಳಲ್ಲಿ ಎಷ್ಟಾಗಿತ್ತೋ ಭಗವಂತನೇ ಬಲ್ಲ. ಮಗನ ಎರಡು ಗೆರೆಗಳಲ್ಲಿ ಒಂದು ನಾವು ಅವನಿಗೆ ಚಹಾ ಒಯ್ದು ಕೊಟ್ಟದ್ದು. ಆ ಚಹಾ ಮಾಡಿದವಳು ಸೊಸೆ. ಅದು ೨೩ರೊಳಗೆ ಬಂದಿದೆ.

ಅಂದಿನಿಂದ ನಾವು ಈ ವಿಷಯದಲ್ಲಿ ವಿದ್ವಾಂಸರು ಮಾಡಿದ ಪರೀಕ್ಷೆಗಳ ವೃತ್ತಾಂತವನ್ನು ಹುಡುಕಿ ಓದತೊಡಗಿದೆವು. ಮೊದಲಿನದು ಚೀನಾದೇಶದ್ದು. ಶಾಂಘಾಯಿಯ ಸಿ-ಟ್ರಿಪ್ ಎಂಬ ಪ್ರವಾಸದ ಕಂಪನಿಯಲ್ಲಿ, ದೂರವಾಣಿಯ ಮೂಲಕ ಗಿರಾಕಿಗಳಿಗೆ ಉತ್ತರ ಹೇಳುವ ನೌಕರರಲ್ಲಿ ಇಚ್ಛೆಪಟ್ಟವರನ್ನು ಆರಿಸಿಕೊಂಡು, ಹುಟ್ಟಿದ ತಾರೀಖು ಸರಿಸಂಖ್ಯೆಯಾದವರನ್ನು ಮನೆಯಲ್ಲಿಯೂ ಬೆಸಸಂಖ್ಯೆಯಾದವರನ್ನು ಕಚೇರಿಯಲ್ಲಿಯೂ ಒಂಬತ್ತು ತಿಂಗಳು ದುಡಿಸಿ ನೋಡಿದರು. ನಿಕೊಲಸ್ ಬ್ಲೂಮ್ ಮೊದಲಾದ ಅರ್ಥಶಾಸ್ತ್ರಜ್ಞರು ೨೦೧೫ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಮನೆಯಲ್ಲಿದ್ದವರ ಕೆಲಸ ನೂರಕ್ಕೆ ೧೩ರಷ್ಟು ಹೆಚ್ಚಿತು. ಅದರ ಬಹುಭಾಗವು ಬಿಡುವು ರಜೆಗಳು ಕಡಮೆಯಾಗಿ ದುಡಿದ ನಿಮಿಷಗಳೇ ಹೆಚ್ಚಾದುದರಿಂದ ಬಂದದ್ದು. ಕೆಲಸ ಬಿಟ್ಟುಹೋಗುವವರು ಅರ್ಧದಷ್ಟು ಕಡಮೆಯಾದರು. ಇದು ಎಲ್ಲ ಕಡೆಯೂ ಹೊಗಳಿಸಿಕೊಂಡ ಪರೀಕ್ಷೆ. ಆದರೆ ಅದರಲ್ಲಿ ಸೇರುವವರಿಗೆ ಒಂದು ಷರತ್ತಿತ್ತು: ಮನೆಯಲ್ಲಿ ಕೆಲಸಕ್ಕೆಂದೇ ಪ್ರತ್ಯೇಕವಾದ ಕೋಣೆ ಇರಬೇಕು. ಹೊಗಳಿದವರಲ್ಲಿ ಎಷ್ಟೋ ಮಂದಿ ಈ ಒಂದು ಸಾಲನ್ನು ಬಿಟ್ಟು ಓದಿದಂತೆ ತೋರುತ್ತದೆ. ಪರೀಕ್ಷೆ ಮುಗಿದು ಇಷ್ಟ ಬಂದ ಕಡೆ ಇರಬಹುದೆಂದಾಗ, ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಕಚೇರಿಗೇ ಮರಳಿದರಂತೆ. ಒಂಟಿತನ ಅವರನ್ನು ಬಾಧಿಸಿತ್ತು.

ಎರಡನೆಯದು ನಮ್ಮ ನೆರೆಯ ಚೆನ್ನೈಯದು, ೨೦೨೩ರಲ್ಲಿ ಹೊರಬಂದದ್ದು. ಕಾಗದಪತ್ರಗಳ ವಿವರಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸಕ್ಕೆ ಜನರನ್ನು ನೇಮಿಸಿಕೊಂಡು, ಅವರ ಇಷ್ಟಾನಿಷ್ಟಗಳನ್ನು ನೋಡದೆ, ಚೀಟಿ ಎತ್ತಿದಂತೆ ಕೆಲವರನ್ನು ಮನೆಗೂ ಕೆಲವರನ್ನು ಕಚೇರಿಗೂ ಹಂಚಿದರು. ಇಲ್ಲಿ ಫಲ ವಿಪರೀತವಾಯಿತು. ಮನೆಯವರ ಕೆಲಸ ನೂರಕ್ಕೆ ೧೮ರಷ್ಟು ಕಡಮೆ. ಈ ಕೊರತೆಯಲ್ಲಿ ಮೂರರಲ್ಲೆರಡು ಪಾಲು ಮೊದಲನೆಯ ದಿನವೇ ಕಂಡಿತು. ಉಳಿದದ್ದು ಕಚೇರಿಯವರು ಬೇಗಬೇಗ ಕೈ ಪಳಗಿಸಿಕೊಂಡದ್ದರಿಂದ. ಇಷ್ಟೇ ಆಗಿದ್ದರೆ ನಾವು ಆ ವರದಿಯನ್ನು ಮುಚ್ಚಿಡುತ್ತಿದ್ದೆವು. ಅದರಲ್ಲಿ ಇನ್ನೊಂದು ಮಾತಿದೆ. ಮನೆಯಲ್ಲಿಯೇ ಕೆಲಸ ಬೇಕೆಂದು ಬಯಸಿದವರು, ಆರಂಭದ ಪರೀಕ್ಷೆಯಲ್ಲಿ, ಕಚೇರಿ ಬೇಕೆಂದವರಿಗಿಂತ ನೂರಕ್ಕೆ ೧೨ರಷ್ಟು ಚುರುಕಾಗಿದ್ದವರು. ಆದರೆ ಮನೆಯಲ್ಲಿ ಕುಳಿತಾಗ ಹೆಚ್ಚು ಸೊರಗಿದವರೂ ಅವರೇ. ಅವರಿಗೆ ನೂರಕ್ಕೆ ೨೭ ನಷ್ಟವಾದರೆ ಮಿಕ್ಕವರಿಗೆ ೧೩. ಚಿಕ್ಕ ಮಕ್ಕಳಿರುವವರು, ಮನೆಯಲ್ಲಿ ಯಾರದಾದರೂ ಆರೈಕೆ ಹೊತ್ತವರು, ಬಡವರು ಇದಕ್ಕೆ ಒಂದು ಕಾರಣವೆಂದು ಆ ವಿದ್ವಾಂಸರು ಹೇಳುತ್ತಾರೆ. ಮನೆ ಬೇಕೆಂದು ಅವರು ಬಯಸಿದ್ದು ಅಲ್ಲಿ ಕೆಲಸ ಚೆನ್ನಾಗಿ ಸಾಗುವುದೆಂದಲ್ಲ. ಮನೆ ಬಿಟ್ಟು ಹೋಗಲಾರದವರು ಅವರು. ಇದನ್ನು ಓದುವಾಗ ನಾವು ಒಮ್ಮೆ ತಲೆ ಎತ್ತಿ ಊಟದ ಮೇಜನ್ನು ನೋಡಿದೆವು.

ಸೊಸೆಯ ಉದ್ಯೋಗಕ್ಕೇ ಸೇರಿದ ಪರೀಕ್ಷೆಯೂ ಒಂದುಂಟು. ಏಷ್ಯಾಖಂಡದ ದೊಡ್ಡದೊಂದು ತಂತ್ರಾಂಶ ಕಂಪನಿಯ ಹತ್ತು ಸಾವಿರಕ್ಕೂ ಹೆಚ್ಚಿನ ನೌಕರರ ದಿನಚರಿಯನ್ನು ಸರ್ವವ್ಯಾಧಿಗೆ ಮುಂಚೆಯೂ ಅನಂತರವೂ ಹೋಲಿಸಿ ನೋಡಿದರು. ಮನೆಯಲ್ಲಿ ದುಡಿದ ತಾಸುಗಳು ಏರಿದವು, ಆದ ಕೆಲಸ ಮಾತ್ರ ಏರಲಿಲ್ಲ. ತಾಸಿನ ಲೆಕ್ಕ ಹಿಡಿದರೆ ನೂರಕ್ಕೆ ೮ರಿಂದ ೧೯ರವರೆಗೆ ಇಳಿಯಿತು. ಸಭೆಗಳು ಹೆಚ್ಚಾಗಿ, ಅಡ್ಡಿಯಿಲ್ಲದೆ ಕುಳಿತು ಮಾಡುವ ಹೊತ್ತು ಕರಗಿಹೋಯಿತು. ರಾತ್ರಿ ಒಂದರವರೆಗೆ ಕುಳಿತರೂ ಮುಗಿಯದೆಂಬ ಮಾತು ನಮ್ಮ ಮನೆಯೊಂದರದೇ ಅಲ್ಲವೆಂದಾಯಿತು.

ಒಂದೊಂದು ಉದ್ಯೋಗದಲ್ಲಿ ಒಂದೊಂದು ಬಗೆಯಾಗಲು ಕಾರಣವೇನೆಂದು ನಾವು ಬಹಳ ಯೋಚಿಸಿದ್ದೇವೆ. ದೂರವಾಣಿಯ ಕರೆಯೊಂದು ಬಂದರೆ ಬಂದಿತು, ಮುಗಿದರೆ ಮುಗಿಯಿತು. ನಡುವೆ ಎದ್ದು ಬಂದರೂ ಮುಂದಿನ ಕರೆಗೆ ಹಿಂದಿನದರ ಹಂಗಿಲ್ಲ. ತಂತ್ರಾಂಶದ ಬರವಣಿಗೆ ಹಾಗಲ್ಲ. ಅದು ತೋಪು ತೆನೆ ಎತ್ತುವ ಹಾಗೆ. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ. ಇನ್ನು ದಕ್ಷಿಣ ಕನ್ನಡದ ಬೀಡಿ ಸುತ್ತುವ ಹೆಂಗಸರನ್ನು ನೋಡಿರಿ. ಅವರಿಗೆ ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಮಗು ಎಷ್ಟು ಸಲ ಎಬ್ಬಿಸಿತು, ಅತ್ತೆ ಎಷ್ಟು ಸಲ ಕರೆದಳು ಎಂಬುದು ಬೀಡಿಯ ಕಂತ್ರಾಟುದಾರನ ಲೆಕ್ಕಕ್ಕೆ ಬರುವುದಿಲ್ಲ. ಸಂಖ್ಯೆ ತುಂಬಿದರಾಯಿತು, ಕಡಮೆ ಬಿದ್ದದ್ದನ್ನು ಅವಳು ದೀಪದ ಬೆಳಕಿನಲ್ಲಿ ತುಂಬಿಕೊಡುತ್ತಾಳೆ. ಆದುದರಿಂದ ಆ ಉದ್ಯೋಗದಲ್ಲಿ ಮನೆಯ ಕೆಲಸದಿಂದ ನಷ್ಟವೇ ಇಲ್ಲವೆಂದು ಒಡೆಯನಿಗೆ ತೋರುತ್ತದೆ. ನಷ್ಟವುಂಟು, ಅದನ್ನು ತೆರುವವಳ ನಿದ್ದೆಯಲ್ಲಿ ಅದು ಅಡಗಿರುತ್ತದೆ. ನಮ್ಮ ಅವ್ವನದು ಹಾಗೆಯೇ ಅಡಗಿತ್ತು. ತಿಂಗಳ ಸಂಬಳದ ಕೆಲಸದಲ್ಲಿ ಮಾತ್ರ ಅದು ವರ್ಷದ ಕೊನೆಗೆ ಕಾಗದದ ಮೇಲೆ, ‘ಲಕ್ಷ್ಯ ಬೇರೆಡೆ ಇರುತ್ತದೆ’ ಎಂಬ ರೂಪದಲ್ಲಿ ಹೊರಬೀಳುತ್ತದೆ.

ಲಕ್ಷ್ಯ ಬೇರೆಡೆ ಹೋಗುವುದು ಏಕೆಂಬುದಕ್ಕೂ ಸರಕಾರದ ಲೆಕ್ಕವಿದೆ. ೨೦೧೯ರ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸವನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ, ಮಾಡುವ ಗಂಡಸರು ೯೭ ನಿಮಿಷಗಳನ್ನೂ ಅದಕ್ಕೆ ಕೊಡುತ್ತಾರೆಂದು ಕಂಡಿತು. ‘ಮಾಡುವ ಗಂಡಸರು’ ಎಂಬ ಮಾತನ್ನು ಗಮನಿಸಬೇಕು. ಅವರು ನೂರಕ್ಕೆ ೨೬ ಮಂದಿ.

ವಹಿಯನ್ನು ಮಗನಿಗೆ ತೋರಿಸಿದೆವು. ಅವನು ಬಹಳ ಹೊತ್ತು ನೋಡಿ, “ಅಪ್ಪಾ, ಬಾಗಲಾ ಹಾಕ್ಕೋ ಅಂತ ನಾ ಅಕೀಗೆ ಮೊದಲs ಹೇಳಿದ್ದೆ” ಎಂದನು. ಯಾವ ಬಾಗಿಲೆಂದು ಕೇಳಿದೆವು. ಊಟದ ಮೇಜಿಗೆ ಬಾಗಿಲಿಲ್ಲವಷ್ಟೆ. ಅವನು ಸುಮ್ಮನಾದನು.

ಮರುದಿನ ನಮ್ಮ ಕೋಣೆಯನ್ನು ಸೊಸೆಗೆ ಬಿಟ್ಟುಕೊಟ್ಟೆವು. ಅವಳು ಒಪ್ಪಲಿಲ್ಲ, ಹಿರಿಯರನ್ನು ಪಡಸಾಲೆಗೆ ಹಾಕಿದರೆಂದು ಬಂದವರು ಆಡಿಕೊಳ್ಳುತ್ತಾರೆಂದಳು. ನಾವು ಹುಟ್ಟಿದ್ದೇ ಪಡಸಾಲೆಯಲ್ಲಿ, ಮಗ್ಗದ ಪಕ್ಕದಲ್ಲಿ, ಎಂದು ಹೇಳಿ ಹಾಸಿಗೆ ಎತ್ತಿಕೊಂಡು ಬಂದೆವು. ಮೊಮ್ಮಗನ ಪಾಠವನ್ನು ನಾವು ವಹಿಸಿಕೊಂಡೆವು. ಅದು ನಮಗೆ ಬರುವ ವಿದ್ಯೆಯೇ ಆದ್ದರಿಂದ ಅದರಲ್ಲಿ ನಮ್ಮ ಹೆಚ್ಚಳವೇನೂ ಇಲ್ಲ. ಕರೆಗಂಟೆಯೂ ನಮ್ಮ ಪಾಲಿಗೆ ಬಂದಿತು. ಮಗನು ಬೆಳಗಿನ ಅಡಿಗೆಯನ್ನು ಹಿಡಿದನು. ಮೊದಲ ತಿಂಗಳ ಅನ್ನ ಸಾರುಗಳ ಪ್ರಸ್ತಾಪ ಇಲ್ಲಿ ಬೇಡ.

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಆ ವರ್ಷ ತಪ್ಪಿದ ಬಡ್ತಿ ಮುಂದಿನ ವರ್ಷವೂ ಬರಲಿಲ್ಲ. ಅದರ ಮುಂದಿನ ವರ್ಷ ಬಂದಿತು. ೨೦೨೨ರಲ್ಲಿ ಅವಳ ಕಂಪನಿಯವರು ವಾರಕ್ಕೆ ಮೂರು ದಿನ ಕಚೇರಿ, ಎರಡು ದಿನ ಮನೆ ಎಂದು ಗೊತ್ತುಮಾಡಿದರು. ಹೊರ ವರ್ತುಲ ರಸ್ತೆಯ ಸಂದಣಿಯಲ್ಲಿ ಹೋಗಿ ಬರಲು ಅವಳಿಗೆ ಮೂರು ತಾಸು ಹಿಡಿಯುತ್ತದೆ. ಆದರೂ ಅವಳು ಮುಖ ಗಂಟಿಕ್ಕದೆ ಹೊರಡುತ್ತಾಳೆ. ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, “ಬಸ್ಸಿನ್ಯಾಗ ನನ್ನ ಯಾರೂ ಕರಿಯೂದಿಲ್ರಿ ಮಾವಾರ” ಎಂದಳು. ಇಂಥ ಏರ್ಪಾಡನ್ನೇ ಆ ಚೀನೀ ಕಂಪನಿಯವರು ೧,೬೧೨ ಜನರ ಮೇಲೆ ಆರು ತಿಂಗಳು ಪರೀಕ್ಷಿಸಿ ನೋಡಿದ ಫಲ ೨೦೨೪ರಲ್ಲಿ ಪ್ರಕಟವಾಗಿದೆ. ವಾರಕ್ಕೆ ಎರಡು ದಿನ ಮನೆಯಲ್ಲಿದ್ದವರ ಕೆಲಸಕ್ಕಾಗಲಿ ಬಡ್ತಿಗಾಗಲಿ ಯಾವ ಕುಂದೂ ಬರಲಿಲ್ಲ, ಬಿಟ್ಟುಹೋಗುವವರು ಮೂರರಲ್ಲೊಂದು ಪಾಲು ಕಡಮೆಯಾದರು.

ಮೊನ್ನೆ ಅವಳ ಮನೆಯ ದಿನಗಳಲ್ಲೊಂದು. ಹನ್ನೊಂದು ಗಂಟೆಗೆ ಗ್ಯಾಸಿನವನು ಸಿಲಿಂಡರು ಹೊತ್ತು ಬಂದನು. ಬಾಗಿಲು ತೆರೆದವರು ನಾವೆಂದು ನೋಡಿ, “ಮನೇಲಿ ಹೆಂಗಸರು ಯಾರೂ ಇಲ್ವಾ ಸಾರ್?” ಎಂದನು. ಇದ್ದಾರೆ, ಕೆಲಸದ ಮೇಲಿದ್ದಾರೆ ಎಂದೆವು. ಹಾಗಾದರೆ ಫೋನಿಗೆ ಬಂದ ನಂಬರು ಹೇಳಿ ಎಂದನು. ಆ ನಂಬರು ಬರುವುದು ಸೊಸೆಯ ಫೋನಿಗೆ. ಫೋನು ಅವಳ ಹತ್ತಿರ, ಅವಳು ಮುಚ್ಚಿದ ಬಾಗಿಲಿನ ಒಳಗೆ. ಮಗನೂ ಆ ದಿನ ಕಚೇರಿಗೆ ಹೋಗಿದ್ದನು. ನಾವು ಆ ಬಾಗಿಲಿನವರೆಗೆ ಹೋಗಿ, ತಟ್ಟಲೆಂದು ಎತ್ತಿದ ಕೈಯನ್ನು ಹಾಗೆಯೇ ಹಿಡಿದು ನಿಂತೆವು. ಒಳಗೆ ಅವಳು ಯಾರಿಗೋ ಏನನ್ನೋ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಅಂಗಳದಲ್ಲಿ ಗ್ಯಾಸಿನವನು ಎರಡು ಸಲ ಗಂಟೆ ಬಾರಿಸಿದನು. ಹಿಂದಿರುಗಿ ಹೋಗಿ ನಾಳೆ ಬಾ ಎಂದೆವು. ಅವನು ಗೊಣಗಿಕೊಂಡು ಸಿಲಿಂಡರನ್ನು ಹೊತ್ತುಕೊಂಡು ಹೋದನು.

ಒಲೆ ಉರಿಯಲಿಲ್ಲ. ಮೊಮ್ಮಗನು ಶಾಲೆಯಿಂದ ಬಂದ ಮೇಲೆ ಅವಲಕ್ಕಿಗೆ ಖಾರ, ಎಣ್ಣೆ, ಹಸಿ ಉಳ್ಳಾಗಡ್ಡಿ ಕಲಸಿಕೊಂಡು ಮೂವರೂ ತಿಂದೆವು. ಸಂಜೆ ಗ್ಯಾಸಿನ ಅಂಗಡಿಗೆ ಹೋಗಿ ನಂಬರು ನಮ್ಮ ಫೋನಿಗೆ ಬರುವ ಹಾಗೆ ಬರೆಸಿ ಬಂದೆವು.